ಪುಷ್ಟಿಗೆಂದು ಚುಚ್ಚಿದ ರಕ್ತ

ಹಾಸನದ ಓದುಗರೊಬ್ಬರು ಬರೆದಿದ್ದಾರೆ: 'ಕಳೆದ ಸಂಚಿಕೆಯಲ್ಲಿ ರೊಮೇನಿಯಾದ ಅನಾಥಾಲಯಗಳ ಎಚ್‌ಐವಿ ಮಕ್ಕಳ ಬಗ್ಗೆ ಓದಿದೆ. ಅದು ತಾಯಂದಿರಿಂದ ಬಂದದ್ದೇ ಅಲ್ವಾ? ನಾನು ಕೆಲಸ ಮಾಡುವ ಮಕ್ಕಳ ಮನೆಯಲ್ಲಿ ಒಬ್ಬ ಹುಡುಗನಿಗೆ ಹೆಪಟೈಟಿಸ್ ಬಿ (ಲಿವರ್‌ಗೆ ತಗಲುವ ವೈರಸ್ ಸೋಂಕು) ಇದೆ. ಅವನ ತಟ್ಟೆ, ಲೋಟ ಬೇರೆ ಇಡಬೇಕೇ?'

ತಾಯಂದಿರಿಂದ ಅಂತ ನಾನೂ ಅಂದುಕೊಂಡಿದ್ದೆ, ಲೆಕ್ಕ ನೋಡುವ ತನಕ. 1990ರ ಕೊನೆಗೆ ಅಲ್ಲಿ ದಾಖಲಾಗಿದ್ದ ಏಡ್ಸ್ ಪ್ರಕರಣ 1,168. ಅದರಲ್ಲಿ 1,094 ಮಂದಿ 13 ವರ್ಷದೊಳಗಿನ ಮಕ್ಕಳು! ಈ ಮಕ್ಕಳಲ್ಲಿ 683 ಮಂದಿ ಸರ್ಕಾರಿ ಆಶ್ರಯದಲ್ಲಿದ್ದವರು. ಸಿಕ್ಕಷ್ಟು ತಾಯಂದಿರನ್ನು ಹುಡುಕಿ ಪರೀಕ್ಷಿಸಿದರೆ, ಸೋಂಕು ಇದ್ದವರು ನೂರಕ್ಕೆ ಎಂಟೂ ಇಲ್ಲ.

ಅಲ್ಲಿನ ಸರ್ವಾಧಿಕಾರಿ ಚೌಶೆಸ್ಕುವಿನ ಸರ್ಕಾರ 1966ರಲ್ಲಿ ಗರ್ಭಪಾತಕ್ಕೆ ನಿಷೇಧ ಹಾಕಿತು. ಸಾಕಲಾಗದ ಕೂಸುಗಳು ಅನಾಥಾಲಯ ಸೇರಿದವು. ಹೊಟ್ಟೆಗೆ ಸರಿಯಾಗಿ ಇಲ್ಲದೆ ಬಡಕಲಾದವು. ಹಾಲು, ಊಟ ಹೆಚ್ಚಿಸುವ ಬದಲು, ಪುಷ್ಟಿ ಬರಲಿ ಅಂತ ದೊಡ್ಡವರ ರಕ್ತವನ್ನು ಸ್ವಲ್ಪ ಸ್ವಲ್ಪ ಕೊಡುತ್ತಿದ್ದರು. ಒಬ್ಬರ ರಕ್ತ ಹಲವು ಕೂಸುಗಳಿಗೆ. ಆ ರಕ್ತಕ್ಕೆ ಎಚ್‌ಐವಿ ಪರೀಕ್ಷೆಯಿಲ್ಲ. ನಮ್ಮಲ್ಲಿ ಏಡ್ಸ್ ಇಲ್ಲ ಅಂತ ಸರ್ಕಾರವೇ ಹೇಳುತ್ತಿದ್ದಾಗ ಪರೀಕ್ಷೆ ಯಾಕೆ!

ರಕ್ತಕ್ಕಿಂತ ಜಾಸ್ತಿ ಮಕ್ಕಳಿಗೆ ಸೋಂಕು ಅಂಟಿದ್ದು ಸೂಜಿಯಿಂದ ಅಂತ ತಜ್ಞರ ಅಂದಾಜು. ಚಿಕ್ಕಂದಿನಲ್ಲಿ ನಮ್ಮೂರ ಡಾಕ್ಟರು ಗಾಜಿನ ಸಿರಿಂಜನ್ನು ಸ್ಟೀಲ್ ಡಬ್ಬಿಯಲ್ಲಿ ಕುದಿಸುತ್ತಿದ್ದರು. ಮುಚ್ಚಳ ಕಟಕಟ ಅಂದರೆ ಸಾಕು, ನಮ್ಮ ಅಳು ಶುರು. ನಮ್ಮನ್ನು ಕಾಪಾಡಿದ್ದು ಅದೇ ಕುದಿ ಅಂತ ಆಗೆಲ್ಲಿ ಗೊತ್ತಿತ್ತು? ರೊಮೇನಿಯಾದ ಅನಾಥಾಲಯಗಳಲ್ಲಿ ತೊಟ್ಟಿಲ ಸಾಲು ಉದ್ದ, ಸಿರಿಂಜ್ ಕಡಿಮೆ. ಒಂದು ಮಗುವಿಗೆ ಚುಚ್ಚಿದ ಸೂಜಿಯೇ ಪಕ್ಕದ ಮಗುವಿಗೂ.

ಇನ್ನು ನಿಮ್ಮ ಹುಡುಗ. ತಟ್ಟೆ, ಲೋಟ ಬೇರೆ ಬೇಡ. ಹೆಪಟೈಟಿಸ್ ಬಿ ಕೂಡ ಎಚ್‌ಐವಿಯಂತೆ ರಕ್ತದಿಂದ ಹರಡುತ್ತದೆ, ಜೊತೆಗೆ ಕೂತು ಉಂಡರೆ ಹರಡುವುದಿಲ್ಲ. ಸುಮ್ನೆ ಮೂಲೆಗೆ ಕೂರಿಸಿದ ಹಾಗಾಗುತ್ತದೆ, ಅಷ್ಟೇ. ಟೂತ್‌ಬ್ರಷ್, ನೇಲ್ ಕಟರ್ ಮಾತ್ರ ಬೇರೆ ಇರಲಿ, ಅದೂ ಎಲ್ಲ ಮಕ್ಕಳಿಗೂ. ಮೈಯಿಂದ ಹೊರಬಿದ್ದ ಮೇಲೂ ಈ ವೈರಸ್ ಏಳು ದಿನ ಬದುಕಿರಬಲ್ಲದು. ಗಾಯ ತೊಳೆಯುವಾಗ ಗ್ಲೌಸ್ ಹಾಕಿಕೊಳ್ಳಿ, ಯಾವ ಮಗುವಿನ ಗಾಯವಾದರೂ ಸರಿ. ಉಳಿದವರಿಗೆ ಲಸಿಕೆ ಆಗಿದೆಯಾ ನೋಡಿ. ಕಾರ್ಡ್ ಇಲ್ಲದ ಮಕ್ಕಳೇ ನಿಮ್ಮಲ್ಲಿ ಜಾಸ್ತಿ ಇರಬಹುದು, ಅವರನ್ನು ಡಾಕ್ಟರ ಬಳಿ ಕರೆದೊಯ್ಯಿರಿ.

ಕ್ಷೌರದವರು ಬಂದ ದಿನ ಮಾತ್ರ ನೀವೇ ಪಕ್ಕದಲ್ಲಿ ನಿಂತುಕೊಳ್ಳಿ. ತಲೆಗೊಂದು ಹೊಸ ಬ್ಲೇಡ್.