ಅಮೆರಿಕದ ಬೇಸ್‌ಬಾಲ್ ತಂಡಗಳು ವಿದೇಶಿ ಹುಡುಗರಿಗಾಗಿ ಹೇಗೆ ಪೈಪೋಟಿ ನಡೆಸುತ್ತವೆ?
ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾದ ಹುಡುಗರಿಗೆ ಅಮೆರಿಕದ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಅನ್ವಯಿಸುವುದಿಲ್ಲ. 16 ತುಂಬಿದವರು ಜನವರಿ 15ರಿಂದ ಡಿಸೆಂಬರ್ 15ರೊಳಗೆ ತಮಗೊಪ್ಪುವ ತಂಡಕ್ಕೆ ಸಹಿ ಹಾಕಬಹುದು. ಸಹಿಗಾಗಿ ಪ್ರತಿ ತಂಡ ಕೊಡುವ ಬೋನಸ್‌ನ ಒಟ್ಟು ಮೊತ್ತಕ್ಕೆ ಮಿತಿಯಿದೆ. 10,000 ಡಾಲರ್‌ವರೆಗಿನ ಬೋನಸ್ ಅದರಲ್ಲಿ ಸೇರದು. ಹೆಚ್ಚು ಬೇಕಾದರೆ ಆಟಗಾರರನ್ನು ಕೊಟ್ಟು ಇನ್ನೊಂದು ತಂಡದ ಮಿತಿಯಲ್ಲಿ ಪಾಲು ಪಡೆಯಬೇಕು.

ಆದರೆ ನಿಜವಾದ ಪೈಪೋಟಿ ಅದಕ್ಕೂ ಎಷ್ಟೋ ಮೊದಲೇ ಮುಗಿದಿರುತ್ತದೆ. ಬೋನಸ್‌ನಲ್ಲಿ ಪಾಲು ಪಡೆಯುವ ಸ್ಥಳೀಯ ತರಬೇತುದಾರರು ಹುಡುಗರನ್ನು ಸಜ್ಜುಗೊಳಿಸುತ್ತಾರೆ. ತಂಡಗಳಿಗಾಗಿ ಪ್ರತಿಭೆ ಹುಡುಕುವ ಸ್ಕೌಟ್‌ಗಳು 60 ಗಜದ ಓಟಕ್ಕೆ ಗಡಿಯಾರ ಹಿಡಿದು, ಎಸೆತದ ಬಲ ನೋಡಿ, 13-14ರ ವಯಸ್ಸಿಗೇ ಬಾಯಿಮಾತಲ್ಲಿ ಮೊತ್ತ ಕುದುರಿಸುತ್ತಾರೆ. ಈ ಮಾತಿಗೆ ಕಾನೂನಿನ ಬಲವಿಲ್ಲ, ದೊಡ್ಡ ಅನ್ಯಾಯ ಇರುವುದೇ ಇಲ್ಲಿ. ಜನವರಿ 2025ರಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡ ಇದೇ ಮಿತಿಯೊಳಗಿಂದ ಜಪಾನಿನ ಬೌಲರ್ (ಪಿಚರ್) ರೋಕಿ ಸಸಾಕಿಗೆ 65 ಲಕ್ಷ ಡಾಲರ್ ಕೊಟ್ಟಾಗ, ಮೊದಲೇ ಮಾತಾಗಿದ್ದ ಹುಡುಗರು ಬೇರೆ ತಂಡ ಹುಡುಕಬೇಕಾಯಿತು.