ಕಿಟೆಲ್ ಹುಟ್ಟಿದ ರೆಸ್ಟರ್‌ಹಾಫೆ ಎಂಥ ಊರು? ಅಲ್ಲಿಗೆ ಹೋದರೆ ನೋಡುವುದಕ್ಕೆ ಏನಿದೆ?

ಕನ್ನಡಕ್ಕೆ ನಿಘಂಟು ಕಟ್ಟಿಕೊಟ್ಟ ಫರ್ಡಿನಾಂಡ್ ಕಿಟೆಲ್ ಅವರ ಹುಟ್ಟೂರಿನ ಚರಿತ್ರೆ, ಭೂಗೋಳ ಕೇಳಿದ್ದೀರಿ. ಈಗ ಹೋದರೆ ಏನಾದರೂ ಕಾಣಸಿಗುತ್ತದೆಯೇ ಎಂದೂ ಕೇಳಿದ್ದೀರಿ. ನಾನು ಕೆಲವು ವರ್ಷಗಳಿಂದ ಉತ್ತರ ಜರ್ಮನಿಯಲ್ಲಿದ್ದೇನೆ, ಆ ಊರಿಗೆ ಎರಡು ಬಾರಿ ಹೋಗಿ ಬಂದಿದ್ದೇನೆ. ಕಿಟೆಲ್ ಅವರ ಬಗ್ಗೆ ಬರೆಯುವವರು ‘ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ 1832ರಲ್ಲಿ ಜನಿಸಿದರು’ ಎಂದು ಒಂದು ಸಾಲಿನಲ್ಲಿ ಆ ಊರನ್ನು ದಾಟಿಬಿಡುತ್ತಾರೆ. ಅದು ನನಗೆ ಯಾವಾಗಲೂ ಬೇಸರದ ಸಂಗತಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆ. ಕಿಟೆಲ್ ಅವರಂತೆ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಿಂದ ನಮ್ಮ ಕಡೆಗೆ ಬಂದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯವರು. ಕನ್ನಡದ ಮೊದಲ ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್ ಅಲ್ಲಿಯವರೇ. ಕಿಟೆಲ್ ಕೂಡ ಆ ಗುಡ್ಡ, ದ್ರಾಕ್ಷಿತೋಟಗಳ ನಾಡಿನವರು ಎಂದೇ ಹಲವರು ತಿಳಿದಿದ್ದಾರೆ. ಅವರು ದೇಶದ ಇನ್ನೊಂದು ತುದಿಯವರು. ರೆಸ್ಟರ್‌ಹಾಫೆ ಇರುವುದು ವಾಯವ್ಯ ಮೂಲೆಯ ಓಸ್ಟ್‌ಫ್ರೀಸ್‌ಲಾಂಡ್‌ನಲ್ಲಿ, ಎಂದರೆ ಪೂರ್ವ ಫ್ರೀಸ್‌ಲ್ಯಾಂಡ್‌ನಲ್ಲಿ. ಉತ್ತರಕ್ಕೆ ಕೆಲವೇ ಕಿಲೋಮೀಟರ್ ನಡೆದರೆ ಉತ್ತರ ಸಮುದ್ರ, ಅದರಾಚೆ ಬಾಲ್ಟ್ರುಮ್, ಲಾಂಗೆಓಗ್ ಎಂಬ ಮರಳಿನ ದ್ವೀಪಗಳು. ಆಡಳಿತದ ಲೆಕ್ಕದಲ್ಲಿ ಇದು ಲೋವರ್ ಸ್ಯಾಕ್ಸನಿ ರಾಜ್ಯದ ಔರಿಶ್ ಜಿಲ್ಲೆಯಲ್ಲಿ, ಡೋರ್ನುಮ್ ಎಂಬ ಪಂಚಾಯಿತಿಗೆ ಸೇರಿದ ಒಂದು ಹಳ್ಳಿ. ದಿಬ್ಬದ ಮೇಲೆ ಒಂದು ಮಧ್ಯಯುಗದ ಚರ್ಚು, ಸುತ್ತ ಕೆಂಪು ಇಟ್ಟಿಗೆಯ ಮನೆಗಳು, ಆಮೇಲೆ ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು ಮತ್ತು ಹೊಲ.

ಈ ದಿಬ್ಬ ಎಂದರೇನು ಎಂದು ತಿಳಿದರೆ ಊರು ಅರ್ಧ ಅರ್ಥವಾದಂತೆ. ಆ ಸೀಮೆಯಲ್ಲಿ ಬೆಟ್ಟವಿಲ್ಲ, ಬಂಡೆಯಿಲ್ಲ, ನೆಲ ಸಮುದ್ರಮಟ್ಟಕ್ಕಿಂತ ಅಷ್ಟಿಷ್ಟೇ ಮೇಲಿದೆ. ಸಮುದ್ರಕ್ಕೆ ಏರಿ ಕಟ್ಟುವ ಮುಂಚೆ ದೊಡ್ಡ ಬಿರುಗಾಳಿ ಬಂದಾಗಲೆಲ್ಲ ನೀರು ಒಳನುಗ್ಗುತ್ತಿತ್ತು. ಅದಕ್ಕೆ ಜನರು ಜೇಡಿಮಣ್ಣು, ಸಗಣಿ, ಕಸಕಡ್ಡಿಗಳನ್ನು ಪದರ ಪದರವಾಗಿ ಪೇರಿಸಿ ಎತ್ತರದ ದಿಬ್ಬ ಮಾಡಿಕೊಂಡು ಅದರ ಮೇಲೆ ಮನೆ ಕಟ್ಟಿಕೊಂಡರು. ಇದಕ್ಕೆ ಅಲ್ಲಿ ‘ವಾರ್ಫ್ಟ್’ ಎನ್ನುತ್ತಾರೆ. ಒಂದನೇ ಶತಮಾನದಲ್ಲಿ ಈ ಕರಾವಳಿಯನ್ನು ಕಂಡಿದ್ದ ರೋಮನ್ ಲೇಖಕ ಪ್ಲಿನಿ, ಭರತ ಬಂದಾಗ ಇಲ್ಲಿನವರು ಹಡಗಿನಲ್ಲಿರುವವರಂತೆ, ಇಳಿತದಲ್ಲಿ ಹಡಗು ಒಡೆದವರಂತೆ ಕಾಣುತ್ತಾರೆ ಎಂದು ಬರೆದಿದ್ದಾನೆ. ಕುಡಿಯಲು ಮಳೆನೀರು, ಉರುವಲಿಗೆ ಕೈಯಿಂದ ಬಗೆದು ಗಾಳಿಗೆ ಒಣಗಿಸಿದ ಮಣ್ಣು. ಆ ಮಣ್ಣು ಪೀಟ್, ಎಂದರೆ ಜೌಗಿನಲ್ಲಿ ಗಿಡಗಳು ಕೊಳೆತು ಆದ, ಒಣಗಿದರೆ ಉರಿಯುವ ಮಣ್ಣು. ಪ್ಲಿನಿಗೆ ಅವರ ಬಡತನ ಕಂಡು ಮರುಕವಾಯಿತು. ಅಷ್ಟಾದರೂ ಅವರು ಆ ಜಾಗ ಬಿಟ್ಟು ಹೋಗಲಿಲ್ಲ ಎನ್ನುವುದು ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಏರಿ ಕಟ್ಟುವ ಕೆಲಸ ಶುರುವಾಯಿತು. ಹದಿಮೂರನೇ ಶತಮಾನದ ಹೊತ್ತಿಗೆ ಬಿಡಿ ಏರಿಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಕರಾವಳಿಯುದ್ದಕ್ಕೂ ಸಾಲಾದವು. ಅದನ್ನು ‘ಚಿನ್ನದ ಉಂಗುರ’ ಎಂದು ಕರೆದರು. ಆದರೆ ಏರಿ ಹಾಕಿದರೆ ಮಳೆನೀರು ಒಳಗೇ ನಿಲ್ಲುತ್ತದೆಯಲ್ಲ? ಅದಕ್ಕೆ ಹೊಲಗಳ ನಡುವೆ ಬಸಿಗಾಲುವೆಗಳು, ಅವೆಲ್ಲ ಸೇರುವ ಕಡೆ ಏರಿಯಲ್ಲೊಂದು ತೂಬು. ಹಳೆಯ ತೂಬಿನ ಉಪಾಯ ನೋಡಿ: ಎರಡು ಮರದ ಬಾಗಿಲುಗಳು ಸಮುದ್ರದ ಕಡೆಗೆ ಮೊನೆಯಾಗುವಂತೆ ಸೇರುತ್ತವೆ. ಭರತದ ನೀರು ತಳ್ಳಿದರೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಇಳಿತದಲ್ಲಿ ಒಳಗಿನ ನೀರು ತಳ್ಳಿದರೆ ತೆರೆದುಕೊಳ್ಳುತ್ತವೆ. ದಿನಕ್ಕೆ ಎರಡು ಸಲ, ಯಾರೂ ಕೈ ಹಾಕದೆ. ಈ ತೂಬಿಗೆ ‘ಸೀಲ್’ ಎಂದು ಹೆಸರು. ಡೋರ್ನುಮರ್‌ಸೀಲ್, ನೆಸ್‌ಮರ್‌ಸೀಲ್ ಮೊದಲಾದ ಹತ್ತಿರದ ಊರುಗಳಿಗೆ ಹೆಸರು ಬಂದದ್ದೇ ಇದರಿಂದ.

ಏರಿಯನ್ನು ಕಾಯುವುದು ಯಾವ ರಾಜನ ಕೆಲಸವೂ ಆಗಿರಲಿಲ್ಲ. ಏರಿಯ ಹಿಂದೆ ಯಾರ ಜಮೀನಿತ್ತೋ ಅವರಿಗೆ ಏರಿಯ ಒಂದು ತುಂಡು ಪಾಲಿಗೆ ಬರುತ್ತಿತ್ತು. ಅದರ ದುರಸ್ತಿ ಅವರದೇ. ‘ಏರಿ ಕಟ್ಟದವನು ಊರು ಬಿಡಬೇಕು’ ಎಂಬ ಅರ್ಥದ ಗಾದೆ ಅಲ್ಲಿ ಇಂದಿಗೂ ಬಳಕೆಯಲ್ಲಿದೆ. ಇದು ಬರೀ ಬಾಯಿಮಾತಾಗಿರಲಿಲ್ಲ. ತನ್ನ ಪಾಲಿನ ಏರಿಯನ್ನು ನೋಡಿಕೊಳ್ಳಲು ಶಕ್ತಿಯಿಲ್ಲದ ರೈತ ತನ್ನ ಗುದ್ದಲಿಯನ್ನು ಏರಿಯಲ್ಲಿ ನೆಟ್ಟು ಬಿಡುತ್ತಿದ್ದ. ಅದನ್ನು ಕಿತ್ತುಕೊಂಡವನಿಗೆ ಆ ರೈತನ ಜಮೀನೂ ಸೇರುತ್ತಿತ್ತು, ಏರಿಯ ಹೊಣೆಯೂ ಸೇರುತ್ತಿತ್ತು. ಗುದ್ದಲಿ ನೆಟ್ಟವನು ಬರಿಗೈಯಲ್ಲಿ ಊರು ಬಿಡಬೇಕು. ಏರಿಯ ಮೇಲೆ ಕುರಿಗಳ ನಡುವೆ ನಡೆಯುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಆ ಗುದ್ದಲಿ. ಎಷ್ಟು ಮನೆತನಗಳು ಹೀಗೆ ಕೊನೆಗೊಂಡಿರಬೇಕು!

ಇಷ್ಟೆಲ್ಲ ಮಾಡಿದರೂ ಸಮುದ್ರ ಸುಮ್ಮನಿರಲಿಲ್ಲ. 1717ರ ಡಿಸೆಂಬರ್ 24ರ ರಾತ್ರಿ, ಕ್ರಿಸ್‌ಮಸ್ ಹಬ್ಬಕ್ಕೆಂದು ಜನರು ಮಲಗಿ ಏಳುವ ಮುನ್ನ, ಬಿರುಗಾಳಿ ಏರಿಗಳನ್ನು ಒಡೆಯಿತು. ಉತ್ತರ ಸಮುದ್ರದ ಕರಾವಳಿಯಲ್ಲಿ ಒಟ್ಟು ಸುಮಾರು 14,000 ಜನರು ಸತ್ತರೆಂದು ಅಂದಾಜು. ಏರಿಗಳನ್ನು ಮತ್ತೆ ಕಟ್ಟುವ ಖರ್ಚು ಪೂರ್ವ ಫ್ರೀಸ್‌ಲ್ಯಾಂಡ್‌ನ ಮೇಲೆ ಸಾಲದ ಹೊರೆ ಹೊರಿಸಿತು.

ರಾಜಕೀಯ ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಮಧ್ಯಯುಗದಲ್ಲಿ ಫ್ರೀಸಿಯನ್ನರಿಗೆ ಊಳಿಗಮಾನ್ಯ ಒಡೆಯರಿರಲಿಲ್ಲ. ಬೇರೆ ಬೇರೆ ಸೀಮೆಗಳ ಪ್ರತಿನಿಧಿಗಳು ಔರಿಶ್ ಬಳಿಯ ಉಪ್‌ಸ್ಟಾಲ್ಸ್‌ಬೂಮ್ ಎಂಬಲ್ಲಿ ಸೇರಿ ತೀರ್ಮಾನ ಮಾಡುತ್ತಿದ್ದರು. ಆಮೇಲೆ ಪಾಳೆಯಗಾರರಂಥ ಮುಖಂಡರು ತಲೆಯೆತ್ತಿದರು. ಡೋರ್ನುಮ್‌ನ ಕೋಟೆಮನೆಗಳು ಅವರ ಕಾಲದ ನೆನಪು. 1464ರಲ್ಲಿ ಸಿರ್ಕ್ಸೆನಾ ಮನೆತನದವರು ಕೌಂಟ್‌ಗಳಾದರು, 1744ರಲ್ಲಿ ನಾಡು ಪ್ರಷ್ಯಾಕ್ಕೆ ಹೋಯಿತು, ನೆಪೋಲಿಯನ್ನನ ಗದ್ದಲ ಮುಗಿದ ಮೇಲೆ 1815ರಲ್ಲಿ ಹ್ಯಾನೋವರ್ ರಾಜ್ಯಕ್ಕೆ ಸೇರಿತು. ಇಲ್ಲೊಂದು ಸ್ವಾರಸ್ಯವಿದೆ. 1837ರವರೆಗೆ ಹ್ಯಾನೋವರಿನ ದೊರೆಯೂ ಬ್ರಿಟನ್ನಿನ ದೊರೆಯೂ ಒಬ್ಬನೇ. ಎಂದರೆ 1832ರ ಏಪ್ರಿಲ್‌ನಲ್ಲಿ ರೆಸ್ಟರ್‌ಹಾಫೆಯ ಪಾದ್ರಿಯ ಮನೆಯಲ್ಲಿ ಹುಟ್ಟಿದ ಮಗು ನಾಲ್ಕನೇ ವಿಲಿಯಂನ ಪ್ರಜೆ.

ಭಾಷೆಯ ವಿಷಯ ನನಗೆ ಹೆಚ್ಚು ಹತ್ತಿರದ್ದು. ಆ ಜನರ ಮೂಲ ಭಾಷೆ ಫ್ರೀಸಿಯನ್. ಅದು ಕಿಟೆಲ್ ಹುಟ್ಟುವುದಕ್ಕೆ ಬಹಳ ಹಿಂದೆಯೇ ಆ ಹಳ್ಳಿಗಳಲ್ಲಿ ನಶಿಸಿ, ಅದರ ಜಾಗಕ್ಕೆ ಲೋ ಜರ್ಮನ್, ಎಂದರೆ ‘ಪ್ಲಾಟ್’, ಬಂದಿತ್ತು. ಚರ್ಚಿನಲ್ಲೂ ಶಾಲೆಯಲ್ಲೂ ಹೈ ಜರ್ಮನ್, ಎಂದರೆ ಶಿಷ್ಟ ಜರ್ಮನ್. ಹೀಗೆ ಸತ್ತ ಭಾಷೆಯ ಊರಹೆಸರುಗಳು, ಹೊಲದಲ್ಲಿ ಒಂದು ಮಾತು, ಪುಸ್ತಕದಲ್ಲಿ ಇನ್ನೊಂದು ಮಾತು ಇದ್ದ ಸೀಮೆಯ ಹುಡುಗ ಅವರು. 1853ರಲ್ಲಿ ಭಾರತಕ್ಕೆ ಬಂದು, ಮಂಗಳೂರು, ಮಡಿಕೇರಿ, ಧಾರವಾಡಗಳಲ್ಲಿ ಇದ್ದು, ಆಡುಮಾತನ್ನೂ ಗಾದೆಗಳನ್ನೂ ಹಳಗನ್ನಡವನ್ನೂ ಒಂದೇ ಶ್ರದ್ಧೆಯಿಂದ ಆಯ್ದು 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಮಾಡಿಸಿದರು. ಆ ಶ್ರದ್ಧೆಯ ಬೀಜ ಹುಟ್ಟೂರಿನಲ್ಲೇ ಬಿದ್ದಿರಬಹುದು ಎಂದು ನನ್ನ ನಂಬಿಕೆ.

ಇನ್ನು ಹೋಗುವುದು ಹೇಗೆ? ಬ್ರೆಮೆನ್‌ನಿಂದ ರೈಲಿನಲ್ಲಿ ನಾರ್ಡೆನ್, ಅಲ್ಲಿಂದ ಬಸ್‌ನಲ್ಲಿ ಡೋರ್ನುಮ್. ಬೇಸಿಗೆಯ ಭಾನುವಾರಗಳಲ್ಲಿ ನಾರ್ಡೆನ್‌ನಿಂದ ಡೋರ್ನುಮ್‌ವರೆಗೆ ಹಳೆಯ ಕಾಲದ ಬೋಗಿಗಳ ರೈಲೂ ಓಡುತ್ತದೆ. ಡೋರ್ನುಮ್‌ನಿಂದ ರೆಸ್ಟರ್‌ಹಾಫೆಗೆ ಸೈಕಲ್ ಸಾಕು, ಏರು ಎಂಬುದೇ ಇಲ್ಲ, ಆದರೆ ಎದುರುಗಾಳಿ ಬೀಸಿದರೆ ಏರು ಹತ್ತುವುದಕ್ಕಿಂತ ಕಷ್ಟ. ಮಳೆಕೋಟು ತಪ್ಪದೆ ಇರಲಿ. ಚರ್ಚಿನ ಬಾಗಿಲು ನಾನು ಹೋದ ಮೊದಲ ಸಲ ಮುಚ್ಚಿತ್ತು, ಆದ್ದರಿಂದ ಮೊದಲೇ ವಿಚಾರಿಸಿಕೊಂಡು ಹೋಗಿ. ದೊಡ್ಡ ಸ್ಮಾರಕವನ್ನು ನಿರೀಕ್ಷಿಸಬೇಡಿ. ನಾನು ಚರ್ಚಿನ ಗೋಡೆಗೆ ಅಂಗೈ ಒತ್ತಿ ನಿಂತಿದ್ದೆ. ಕೈಗೆ ಒರಟಾಗಿ ತಾಗುವ ಇಟ್ಟಿಗೆ, ಸಂದುಗಳಲ್ಲಿ ಪಾಚಿ. ಕಲ್ಲು ಸಿಗದ ನಾಡಿನಲ್ಲಿ ಕಾಲ ಕೆಳಗಿನ ಜೇಡಿಯನ್ನೇ ಸುಟ್ಟು ಕಟ್ಟಿದ ಗೋಡೆಗಳು ಅವು.

ಡೋರ್ನುಮ್‌ನಲ್ಲಿ ಎರಡನ್ನು ಬಿಡಬೇಡಿ. ಒಂದು, ಬಾರ್ತಲೋಮಿಯೋ ಚರ್ಚಿನಲ್ಲಿರುವ 1711ರ ಆರ್ಗನ್. ಇನ್ನೊಂದು, 1841ರ ಯಹೂದಿ ಪ್ರಾರ್ಥನಾ ಮಂದಿರ. 1938ರ ನವೆಂಬರ್‌ನಲ್ಲಿ ನಾಜಿಗಳು ದೇಶದ ತುಂಬ ಇಂಥ ಮಂದಿರಗಳಿಗೆ ಬೆಂಕಿಯಿಟ್ಟಾಗ ಇದು ಉಳಿಯಿತು, ಏಕೆಂದರೆ ಅದಕ್ಕೆ ಸ್ವಲ್ಪ ಮುಂಚೆ ಅದು ಮಾರಾಟವಾಗಿತ್ತು. ಪ್ರಾರ್ಥಿಸುತ್ತಿದ್ದ ಜನರು ಉಳಿಯಲಿಲ್ಲ. ಈಗ ಅದು ಸ್ಮಾರಕ.

ಕೊನೆಗೆ ಎಲ್ಲಾದರೂ ಕುಳಿತು ಚಹಾ ಕುಡಿಯಿರಿ. ಪೂರ್ವ ಫ್ರೀಸಿಯನ್ನರು ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುತ್ತಾರೆ. ಎಲೆ ಬಹುಪಾಲು ನಮ್ಮ ಅಸ್ಸಾಮಿನದು. ತೆಳು ಪಿಂಗಾಣಿ ಬಟ್ಟಲಿಗೆ ಮೊದಲು ದಪ್ಪ ಕಲ್ಲುಸಕ್ಕರೆ, ಅದರ ಮೇಲೆ ಬಿಸಿ ಚಹಾ. ಸಕ್ಕರೆ ಚಟಚಟ ಸಿಡಿಯುವ ಸದ್ದು ಕೇಳಬೇಕು. ಆಮೇಲೆ ಅಂಚಿನಿಂದ ಮೆಲ್ಲಗೆ ಒಂದು ಚಮಚ ಕೆನೆ ಬಿಡುತ್ತಾರೆ, ಅದು ಮುಳುಗಿ ಮೋಡದಂತೆ ಮೇಲೆದ್ದು ಬರುತ್ತದೆ. ಕದಡಬಾರದು. ಮೊದಲು ಕೆನೆ, ನಂತರ ಕಹಿ, ತಳದಲ್ಲಿ ಸಿಹಿ. ಮೂರು ಬಟ್ಟಲು ಕುಡಿಯುವುದು ಅಲ್ಲಿನ ಪದ್ಧತಿ, ಸಾಕೆನಿಸಿದಾಗ ಚಮಚವನ್ನು ಬಟ್ಟಲಿನಲ್ಲಿ ಇಡಿ. ನಾನು ಗೊತ್ತಿಲ್ಲದೆ ಸುಮ್ಮನೆ ಕುಳಿತಿದ್ದೆ. ಮನೆಯೊಡತಿ ನಾಲ್ಕನೆಯದನ್ನೂ ಸುರಿದು, ಕಿಟೆಲ್ ಎಂಬ ಹೆಸರನ್ನು ನನ್ನ ಬಾಯಿಂದ ಇನ್ನೊಮ್ಮೆ ಹೇಳಿಸಿ, ಆ ನಿಘಂಟು ಎಷ್ಟು ದಪ್ಪವಿದೆ ಎಂದು ಕೇಳಿದರು. ನಾನು ಎರಡೂ ಕೈಗಳಿಂದ ಅಳತೆ ತೋರಿಸಿದೆ.