ಸಂಜೆ ಹೇಗಿರುತ್ತದೆ ಅನ್ನುವುದೇ ಅಳತೆ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ 38 ವರ್ಷ. ಲೆಕ್ಕಪತ್ರ ನೋಡುವ ಕೆಲಸ. ಬೈಕ್‌ನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಐದು ತಿಂಗಳ ನಂತರ ಡಾಕ್ಟರ್ ಒಪ್ಪಿದರು, ಕೆಲಸಕ್ಕೆ ಹೋದರು. ಒಂಬತ್ತನೇ ದಿನ ಪಕ್ಕದವರ ಮೇಲೆ ಕೂಗಾಡಿ, ಬ್ಯಾಗ್ ಅಲ್ಲೇ ಬಿಟ್ಟು ಮನೆಗೆ ಬಂದುಬಿಟ್ಟರು. ಪೆಟ್ಟಾದವರು ಮತ್ತೆ ಕೆಲಸಕ್ಕೆ ಮರಳಲು ನೆರವಾಗುವುದು ನನ್ನ ಕೆಲಸ, ಹಾಗಾಗಿ ನನ್ನ ಹತ್ತಿರ ಬಂದರು.

"ಮೇಡಂ, ಸ್ಕ್ಯಾನ್ ಸರಿಯಾಗಿದೆ ಅಂದ್ರು. ಹಾಗಾದ್ರೆ ನಾನು ಸೋಮಾರಿ ಆಗಿದ್ದೀನಾ?"

ಖಂಡಿತ ಅಲ್ಲ. ರಕ್ತಸ್ರಾವ, ಬಾವು, ಮೂಳೆ ಮುರಿತ ಸ್ಕ್ಯಾನ್‌ನಲ್ಲಿ ಕಾಣುತ್ತವೆ. ನರತಂತುಗಳಿಗಾದ ಸಣ್ಣ ಪೆಟ್ಟು ಸಿಟಿ ಸ್ಕ್ಯಾನ್‌ಗೆ ಸಿಗದೇ ಹೋಗಬಹುದು. ಮೊದಲು ತಾನಾಗೇ ಆಗುತ್ತಿದ್ದ ಕೆಲಸಕ್ಕೆ ಈಗ ಮಿದುಳು ಜಾಸ್ತಿ ದುಡಿಯಬೇಕು. ಆ ದಣಿವು ಎಷ್ಟೋ ಸಲ ಸಿಟ್ಟಾಗಿ ಹೊರಬರುತ್ತದೆ. "ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಅನ್ನುವ ಮಾತು ಇಂಥವರಿಗೆ ತುಂಬಾ ನೋವು ಕೊಡುತ್ತದೆ. ದಯವಿಟ್ಟು ಹಾಗೆ ಹೇಳಬೇಡಿ.

ಅವರು ಲೆಕ್ಕದ ಒಂದು ಹಾಳೆ ತಂದಿದ್ದರು. ಮೇಲಿನ ಅಂಕಿಗಳು ದುಂಡಗೆ, ಸಾಲಾಗಿ ಇದ್ದವು. ಕೆಳಗೆ ಬಂದಂತೆ ವಾಲಿದ್ದವು, ಒಂದೇ ಮೊತ್ತ ಎರಡು ಸಲ ಬಿದ್ದಿತ್ತು. ಯಾವಾಗ ಬರೆದದ್ದು ಅಂತ ಕೇಳಿದೆ. ಮೇಲಿನದು ಬೆಳಿಗ್ಗೆ, ಕೆಳಗಿನದು ಮಧ್ಯಾಹ್ನ ಮೂರಕ್ಕೆ. "ನೋಡಿ, ನಿಮ್ಮ ವಿದ್ಯೆ ಎಲ್ಲೂ ಹೋಗಿಲ್ಲ. ಮಧ್ಯಾಹ್ನದ ಹೊತ್ತಿಗೆ ತ್ರಾಣ ಮುಗಿಯುತ್ತಿದೆ" ಅಂದೆ. ಅವರು ಹಾಳೆಯನ್ನು ತುಂಬಾ ಹೊತ್ತು ನೋಡುತ್ತಾ ಕೂತರು.

ಡಾಕ್ಟರ ಜೊತೆಗೂ ಮಾತಾಡಿ ಹೀಗೆ ಗೊತ್ತು ಮಾಡಿದೆವು. ವಾರಕ್ಕೆ 3 ದಿನ, ಬೆಳಗಿನ ಹೊತ್ತು 3 ಗಂಟೆಯಷ್ಟು ಮಾತ್ರ ಕೆಲಸ. 40 ನಿಮಿಷಕ್ಕೊಮ್ಮೆ ಎದ್ದು, ಫೋನ್ ಮುಟ್ಟದೆ, 10 ನಿಮಿಷ ಸುಮ್ನೆ ಕೂರಬೇಕು. ಸುಸ್ತಾದ ಮೇಲೆ ಕೂತರೆ ತಡವಾಯಿತು, ಅದಕ್ಕೂ ಮೊದಲೇ ಕೂರಬೇಕು. ಮೇಲಧಿಕಾರಿಗೆ ಇಡೀ ಕಥೆ ಹೇಳಬೇಕಿಲ್ಲ. "ಒಂದು ಸಲಕ್ಕೆ ಒಂದೇ ಕೆಲಸ ಕೊಡಿ, ಬರೆದು ಕೊಡಿ. ಗದ್ದಲವಿಲ್ಲದ ಕಡೆ ಕೂರಿಸಿ." ಇಷ್ಟನ್ನು ನನ್ನೆದುರೇ ನಾಲ್ಕೈದು ಸಲ ಹೇಳಿಸಿದೆ. ತಲೆನೋವು ಹೆಚ್ಚಾದರೆ, ಫಿಟ್ಸ್ ಬಂದರೆ ನನಗಾಗಿ ಕಾಯದೆ ತಕ್ಷಣ ಡಾಕ್ಟರ ಹತ್ತಿರ ಹೋಗಿ ಅಂತಲೂ ಹೇಳಿದೆ.

ಗಂಟೆ ಹೆಚ್ಚಿಸುವುದು ಯಾವಾಗ? ಆಫೀಸಿನಲ್ಲಿ ಚೆನ್ನಾಗಿ ನಡೆಯಿತು ಅಂದರೆ ಸಾಲದು. ದಣಿವು ಎಷ್ಟೋ ಸಲ ಅಲ್ಲಿ ಕಾಣದೆ ಮನೆಯಲ್ಲಿ ಕಾಣುತ್ತದೆ. "ಮಗಳು ಜೋರಾಗಿ ನಕ್ಕರೂ ಇವರು ಕಿವಿ ಮುಚ್ಕೋತಾರೆ" ಅಂತ ಹೆಂಡತಿ ಹೇಳಿದ್ದರು. ನಾನು ಅದನ್ನೇ ಅಳತೆ ಮಾಡಿಕೊಂಡೆ. ಎರಡು ವಾರ ಸಂಜೆಗಳು ಹಗುರವಾಗಿದ್ದರೆ ಅರ್ಧ ಗಂಟೆ ಸೇರಿಸಿ, ಇಲ್ಲದಿದ್ದರೆ ಹಿಂದಕ್ಕೆ ಬನ್ನಿ ಅಂದೆ.

ನಾಲ್ಕು ತಿಂಗಳಾಯಿತು. ನಡುವೆ ಒಂದು ಸಲ ಹಿಂದಕ್ಕೆ ಬರಬೇಕಾಯಿತು. ಈಗ ದಿನಕ್ಕೆ 5 ಗಂಟೆ. ಹೋದ ವಾರ ಮಗಳೂ ಜೊತೆಗೆ ಬಂದಿದ್ದಳು. ಮಾತಾಡುವಷ್ಟು ಹೊತ್ತೂ ಅವರ ತೊಡೆಯ ಮೇಲೇ ಕೂತಿದ್ದಳು.